ಚತುರ್ದಶಿಯ ಗುಳಿಗೆ

ಜಮಖಂಡಿಯಲ್ಲಿ ಯಾರಿಗೆ ಯಾವ ರೋಗ ಬಂದರೂ ಅದರ ಅರ್ಥ ಕೇಳುವುದು ಡಾಕ್ಟರನ್ನಲ್ಲ, ಸುಪ್ರೀತಾಳನ್ನು. ಡಾಕ್ಟರು ತಮ್ಮ ಪಾಡಿಗೆ ತಾವು ಹೇಳಿ ಮುಂದಿನ ಪೇಶಂಟನ್ನು ಕರೆದುಬಿಡುತ್ತಾರೆ. ಕೇಳಿಸಿಕೊಂಡವರು ಸ್ಕ್ಯಾನಿನ ದೊಡ್ಡ ಲಕೋಟೆ ಬಗಲಲ್ಲಿಟ್ಟುಕೊಂಡು ಮೆಟ್ಟಿಲಿಳಿಯುವಷ್ಟರಲ್ಲಿ ಒಂದಕ್ಷರವೂ ತಲೆಯಲ್ಲಿ ಉಳಿದಿರುವುದಿಲ್ಲ. ಆಗ ನೆನಪಾಗುವವಳು ಈಕೆ. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಸುಪ್ರೀತಾ ಊರಿನ ವಾರಪತ್ರಿಕೆಯೊಂದರಲ್ಲಿ 'ಮೈಯೊಳಗಿನ ಮಾತು' ಎಂಬ ಅಂಕಣ ಬರೆಯುತ್ತಿದ್ದಳು. ಪಿತ್ತಕೋಶ ಎಲ್ಲಿರುತ್ತದೆ, ಕಾಮಾಲೆಯಲ್ಲಿ ಕಣ್ಣೇಕೆ ಹಳದಿಯಾಗುತ್ತದೆ, ಕ್ರಿಯಾಟಿನಿನ್ ಏರಿದೆ ಎಂದರೆ ಮೂತ್ರಪಿಂಡಕ್ಕೆ ಏನಾಗಿದೆ, ಇಂಥವು. ಬಸ್ ಸ್ಟ್ಯಾಂಡಿನಲ್ಲಿ, ಕಾಯಿಪಲ್ಲೆ ಬಜಾರದಲ್ಲಿ, ಮದುವೆಯ ಪಂಕ್ತಿಯಲ್ಲಿ ಎಲ್ಲಿ ಸಿಕ್ಕರೂ ಜನ ರಿಪೋರ್ಟು ಚಾಚುತ್ತಿದ್ದರು. ಹೋಳಿಗೆ ಬಾಯಲ್ಲಿಟ್ಟುಕೊಂಡೇ ಆಕೆ ಮೂಲವ್ಯಾಧಿಯ ಬಗ್ಗೆ ವಿವರಿಸಿದ್ದುಂಟು.

ಇಷ್ಟು ಹೆಸರಾದ ಮೇಲೆ ಜಂಬ ಬರದಿರುತ್ತದೆಯೇ? ಬಂದಿತ್ತು, ಸುಳ್ಳೇಕೆ ಹೇಳಬೇಕು. ಆದರೆ ಆ ಹೆಸರಿನಲ್ಲಿ ಅರ್ಧ ಪಾಲು ಅತ್ತೆ ಸುಮನ ಅವರದು ಎಂಬುದನ್ನು ಸುಪ್ರೀತಾ ಮರೆತವಳಲ್ಲ. ಅತ್ತೆ ತೇರದಾಳದ ಹೆಣ್ಣುಮಗಳು. ಸಾಲಿ ಕಲಿತದ್ದು ಅಷ್ಟಕ್ಕಷ್ಟೆ, ಮಾತಿನಲ್ಲಿ ಮಾತ್ರ ಯಾರಿಗೂ ಸೋತವರಲ್ಲ. ಬರೆದದ್ದನ್ನು ಸುಪ್ರೀತಾ ಮೊದಲು ಅವರ ಮುಂದೆ ಓದಬೇಕು. ಅವರು ಮೊರದಲ್ಲಿ ಅಕ್ಕಿ ಆರಿಸುತ್ತ ಕೇಳಬೇಕು. ತಿಳಿಯುತ್ತಿದ್ದರೆ ಅವರ ಕೈ ಅಕ್ಕಿಯಲ್ಲಿ ಆಡುತ್ತಿರುತ್ತದೆ, ತಿಳಿಯದಿದ್ದರೆ ನಿಂತುಬಿಡುತ್ತದೆ. ಕೈ ನಿಂತ ಸಾಲನ್ನು ಸುಪ್ರೀತಾ ಹೊಡೆದುಹಾಕಿ ಬೇರೆ ಬರೆಯುತ್ತಿದ್ದಳು.

ಸಕ್ಕರೆ ಕಾಯಿಲೆಯ ಬಗ್ಗೆ ಬರೆದ ವಾರವೂ ಹಾಗೇ ಆಯಿತು. 'ಮೇದೋಜೀರಕ ಗ್ರಂಥಿ' ಎಂದು ಓದಿದ್ದೇ ತಡ, ಕೈ ನಿಂತಿತು.

"ಏನದು, ಮಂತ್ರನಾ?" ಎಂದರು ಅತ್ತೆ.

"ಹೊಟ್ಟಿ ಹಿಂದ ಅಡ್ಡ ಮಲಗಿರತೈತ್ರಿ ಅತ್ತ್ಯಾರ, ಗೋವಿನಜ್ವಾಳದ ತೆನಿ ಇದ್ದಂಗ. ಅದರಾಗಿಂದ ಇನ್ಸುಲಿನ್ ಬರತೈತಿ. ರಕ್ತದಾಗಿನ ಸಕ್ಕರಿ ಮೈಯಾಗ ಎಲ್ಲೆಲ್ಲಿ ಬೇಕೋ ಅಲ್ಲೆಲ್ಲಾ ಒಳಗ ಬಿಡೂದು ಅದರ ಕೆಲಸ."

ಅತ್ತೆ ತುಸು ಯೋಚಿಸಿದರು. "ಅಂದ್ರ ಫ್ಯಾಕ್ಟರಿ ಗೇಟಿನ ಮುಂದ ಕಬ್ಬಿನ ಟ್ರ್ಯಾಕ್ಟರ್ ಪಾಳಿ ಹಚ್ಚಿದಂಗ. ಗೇಟ್ ತಗಿಯಾಂವ ಇಲ್ಲಂದ್ರ ರಸ್ತಾ ತುಂಬ ಗಾಡಿ. ಒಳಗ ಅರಿಯಾಕ ಕಬ್ಬಿಲ್ಲ, ಹೊರಗ ಹಾಯಾಕ ಹಾದಿ ಇಲ್ಲ. ಹೌದಲ್ಲ?"

"ಅಯ್ಯ, ಇದನ್ನ ಪುಸ್ತಕ ಬರದವರಿಗೂ ಹೇಳಾಕ ಬರಲಿಲ್ಲ ನೋಡ್ರಿ!" ಎಂದು ಸುಪ್ರೀತಾ ನಕ್ಕು ಅದನ್ನೇ ಬರೆದುಕೊಂಡಳು. ಗುಳಿಗೆ ಎಂದರೆ ಗೇಟು ಕಾಯುವವನನ್ನು ಎಬ್ಬಿಸಿ ಗದರಿಸುವ ಮುಕಾದಮ ಎಂದು ತಾನೂ ಒಂದು ಸೇರಿಸಿದಳು. ಅತ್ತೆಯ ಕೈ ಮತ್ತೆ ಅಕ್ಕಿಯಲ್ಲಿ ಆಡತೊಡಗಿತು.

ಆ ಬರಹಕ್ಕೆ ಇನ್ನೊಂದು ಗುರಿಯೂ ಇತ್ತು. ಸಕ್ಕರೆ ಕಾಯಿಲೆ ಇದ್ದದ್ದು ಅತ್ತೆಗೇ. ಮಾವ ಪಾರಿಸಪ್ಪ ತೀರಿಕೊಂಡ ಮೇಲೆ ಶುರುವಾದದ್ದು. ಡಾಕ್ಟರ್ ಗಿರಿಮಲ್ಲಪ್ಪ ಕೊಟ್ಟ ಗುಳಿಗೆಯನ್ನು ದಿನಾಲು ನುಂಗುತ್ತಿದ್ದರು, ಇಲ್ಲವೆನ್ನುವಂತಿಲ್ಲ. ಆದರೆ ಅಷ್ಟಮಿಯೋ ಚತುರ್ದಶಿಯೋ ಬಂತೆಂದರೆ ಉಪವಾಸ, ಉಪವಾಸ ಎಂದರೆ ಗುಳಿಗೆಗೂ ಸೂಟಿ. "ಹೊಟ್ಟಿಗೇ ಏನಿಲ್ಲ, ಗುಳಿಗಿ ಯಾಕ?" ಎನ್ನುತ್ತಿದ್ದರು. ಸುಪ್ರೀತಾಳಿಗೆ ಅದು ಸಹಿಸದು. ಊರಿಗೆಲ್ಲ ಬುದ್ಧಿ ಹೇಳುವವಳ ಮನೆಯಲ್ಲೇ ಹೀಗೆ, ದೀಪದ ಬುಡದಲ್ಲಿ ಕತ್ತಲೆ ಎಂದು ಯಾರಾದರೂ ಆಡಿಕೊಂಡರೆ? ಅದಕ್ಕೇ ಜೈನರ ಹತ್ತು ದಿನಗಳ ದಶಲಕ್ಷಣ ಪರ್ವ ಹತ್ತಿರ ಬಂದಾಗ ಬೇಕಂತಲೇ ಬರೆದಳು: 'ಹಬ್ಬವಿರಲಿ, ವ್ರತವಿರಲಿ, ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಒಂದು ದಿನವೂ ತಪ್ಪಿಸಬೇಡಿ.' ಕೆಳಗೆ ಇನ್ನೊಂದು ಮಾತನ್ನೂ ಬರೆದಿದ್ದಳು: 'ಆದರೆ ಪೂರ್ತಿ ನಿರಾಹಾರ ಇರುವವರು ಮೊದಲು ಡಾಕ್ಟರನ್ನು ಕೇಳಿ. ಕೆಲವು ಗುಳಿಗೆಗಳು ಖಾಲಿ ಹೊಟ್ಟೆಯಲ್ಲಿ ಸಕ್ಕರೆಯನ್ನು ಜೀವಕ್ಕೆ ಅಪಾಯವಾಗುವಷ್ಟು ಇಳಿಸಬಲ್ಲವು.'

ಅಲ್ಲಿ ಅತ್ತೆಯ ಕೈ ನಿಂತಿತು.

"ಮೊದ್ಲ ತಪ್ಪಸಬ್ಯಾಡ್ರಿ ಅಂತಿ, ಆಮ್ಯಾಲ ಕೇಳ್ರಿ ಅಂತಿ. ಒಂದ ಬಾಯಾಗ ಎರಡು ಮಾತು ಆತಲ್ಲವಾ. ಓದಿದವರು ಯಾವುದು ಹಿಡೀಬೇಕು? ಕಡೀದು ತಗಿ."

ಬರಹ ಉದ್ದವಾಯಿತು ಎಂದು ಪತ್ರಿಕೆಯವರೂ ಗೊಣಗುತ್ತಿದ್ದರು. ಅದಕ್ಕಿಂತ ಹೆಚ್ಚಾಗಿ, ಈ ಸಾಲು ಉಳಿದರೆ ಅತ್ತೆಗೆ ಗುಳಿಗೆ ತಪ್ಪಿಸಲು ಒಂದು ನೆಪ ಸಿಕ್ಕಂತಾಗುತ್ತದೆ ಎಂದು ಸುಪ್ರೀತಾಳಿಗೆ ಅನಿಸಿತು. ತೆಗೆದುಬಿಟ್ಟಳು. ಎರಡು ಸಾಲು ಹೊಡೆಯಲು ಎಷ್ಟು ಹೊತ್ತು ಬೇಕು?

ಪರ್ವ ಬಂತು. ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿಮಹಾರಾಜರ ಮುಂದೆ ಅತ್ತೆ ಎಂದಿನಂತೆ ನಿಯಮ ತೆಗೆದುಕೊಂಡರು. ಅಷ್ಟೂ ದಿನ ಮಧ್ಯಾಹ್ನ ಒಂದೇ ಹೊತ್ತಿನ ಊಟ, ಕಡೆಯ ದಿನ ಅನಂತ ಚತುರ್ದಶಿಗೆ ಅನ್ನವೂ ಇಲ್ಲ, ನೀರೂ ಇಲ್ಲ, ಔಷಧಿ ಒಂದು ಬಿಟ್ಟು. ಕಾಯಿಲೆ ಇದ್ದವರು ನಿಯಮ ತೆಗೆದುಕೊಳ್ಳುವಾಗ 'ಔಷಧಿ ಬಿಟ್ಟು', ಎಂದರೆ ಔಷಧಿ ಮಾತ್ರ ತೆಗೆದುಕೊಳ್ಳಬಹುದು, ಎಂದು ಹೇಳಿಕೊಳ್ಳುವುದು ವಾಡಿಕೆ. ಅತ್ತೆ ಪ್ರತಿ ವರ್ಷ ಹಾಗೆ ಹೇಳುತ್ತಿದ್ದರು, ಹೇಳಿಯೂ ಗುಳಿಗೆ ಮುಟ್ಟುತ್ತಿರಲಿಲ್ಲ. ಈ ವರ್ಷ ಮುಟ್ಟಿದರು. ಚತುರ್ದಶಿಯ ಬೆಳಿಗ್ಗೆ ಅಭಿಷೇಕ ಮುಗಿಸಿ ಬಂದು, ಕಾಯಿಸಿ ಸೋಸಿದ ನೀರು ಒಂದೇ ಒಂದು ಗುಟುಕು ಕುಡಿದು ಗುಳಿಗೆ ನುಂಗಿದರು.

"ನೋಡವಾ ಸುಪ್ರೀತಾ, ನಿನ್ನ ಪೇಪರಿನ ಮಾತು ಕೇಳೇನಿ ಈ ಸಲ."

"ಶಾಣ್ಯಾರಾದ್ರಿ ಬಿಡ್ರಿ ಅತ್ತ್ಯಾರ!" ಎಂದು ಸುಪ್ರೀತಾ ಗೆದ್ದ ಖುಷಿಯಲ್ಲಿ ಪರ್ಸು ಎತ್ತಿಕೊಂಡು ಕಾಲೇಜಿಗೆ ನಡೆದಳು. ತಾನೇ ಬರೆದು ತಾನೇ ಹೊಡೆದ ಸಾಲು ಅವಳಿಗೆ ನೆನಪೇ ಆಗಲಿಲ್ಲ. ಇದಕ್ಕೆ ಏನನ್ನಬೇಕು ನೀವೇ ಹೇಳಿ.

ಸಂಜೆ ಮನೆಗೆ ಬಂದಾಗ ಹೊತ್ತು ಆಗಷ್ಟೇ ಮುಳುಗಿತ್ತು. ಗಂಡ ಜಿನೇಶ ಅಂಗಡಿಯಿಂದ ನೇರ ಬಸದಿಗೆ ಹೋಗಿದ್ದ. ಅತ್ತೆ ದೇವರ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಜಪಮಾಲೆ ಕೈಯಿಂದ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಉಪವಾಸದ ಸುಸ್ತು ಎಂದುಕೊಂಡು ಸುಪ್ರೀತಾ ಒಳಗೆ ಹೋಗುವುದರಲ್ಲಿದ್ದಳು. ಅಷ್ಟರಲ್ಲಿ ಅತ್ತೆ ಮಾತಾಡಿದರು.

"ಚಂಪಾ, ಎಮ್ಮಿ ಹಿಂಡಿದೇನ ಬೇ?"

ಚಂಪಾ ಎಂದರೆ ಅತ್ತೆಯ ತಂಗಿ. ಅವಳು ತೀರಿಹೋಗಿ ಎಷ್ಟೋ ವರ್ಷವಾಗಿತ್ತು.

ಸುಪ್ರೀತಾ ಓಡಿ ಹೋಗಿ ಕೈ ಹಿಡಿದರೆ ಕೈ ತಣ್ಣಗೆ, ಒದ್ದೆ. ಹಣೆಯಿಂದ ಬೆವರು ಇಳಿದು ಸೀರೆಯ ಸೆರಗು ತೊಯ್ದಿತ್ತು. ಬೆರಳು ನಡುಗುತ್ತಿದ್ದವು. ಬೆವರು, ನಡುಕ, ತಪ್ಪು ಮಾತು, ಇದನ್ನೆಲ್ಲ ತಾನೇ ಬರೆದಿದ್ದಳಲ್ಲ! ಸಕ್ಕರೆ ನೋಡುವ ಯಂತ್ರ ತಂದು ಬೆರಳಿಗೆ ಚುಚ್ಚಿದಳು. ಎಪ್ಪತ್ತಕ್ಕಿಂತ ಕೆಳಗೆ ಇಳಿಯಬಾರದ್ದು, ನಲವತ್ತೆರಡು ತೋರಿಸಿತು. ಬೆಳಗಿನ ಗುಳಿಗೆ, ಹೊಡೆದುಹಾಕಿದ ಆ ಎರಡು ಸಾಲು, 'ಶಾಣ್ಯಾರಾದ್ರಿ' ಎಂದ ತನ್ನ ಬಾಯಿ, ಎಲ್ಲವೂ ಒಟ್ಟಿಗೆ ನೆನಪಿಗೆ ಬಂದವು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಹಾಗಾಯಿತು.

ಅಡುಗೆ ಮನೆಗೆ ಓಡಿ ಲೋಟದಲ್ಲಿ ಸಕ್ಕರೆ ಸುರಿದು ನೀರು ಹಾಕಿ ಕಲಕುತ್ತ ಬಂದಳು. ಲೋಟ ತುಟಿಗೆ ಹಿಡಿದರೆ ಅತ್ತೆ ಹಲ್ಲು ಕಚ್ಚಿದರು. ತಂಗಿ ಯಾರು ಸೊಸೆ ಯಾರು ಎಂಬ ಎಚ್ಚರ ಹೋಗಿತ್ತು, ಆದರೆ ಹೊತ್ತು ಮುಳುಗಿದ ಮೇಲೆ ಏನೂ ಬಾಯಿಗಿಡಬಾರದೆಂಬ ನಿಯಮದ ಎಚ್ಚರ ಹೋಗಿರಲಿಲ್ಲ.

"ಬ್ಯಾಡ. ಹೊತ್ತು ಮುಣಗೇತಿ."

"ಅತ್ತ್ಯಾರ, ಸಕ್ಕರಿ ಇಳದೈತ್ರಿ. ಕುಡೀರಿ. ಕುಡೀಲಿಲ್ಲಂದ್ರ ಜೀವಕ್ಕ ಕುತ್ತು."

"ಹೊತ್ತು ಮುಣಗೇತಿ" ಎಂದು ಮತ್ತೆ ಅದನ್ನೇ ಅಂದರು. ಮುಖ ಗೋಡೆಯ ಕಡೆ ತಿರುಗಿತು.

ಸುಪ್ರೀತಾಳಿಗೆ ಏನು ಹೇಳಬೇಕೆಂಬುದು ಚೆನ್ನಾಗಿ ಗೊತ್ತಿತ್ತು. ಮೈಯ ಉಳಿದ ಭಾಗಗಳು ಹಸಿದಾಗ ಕೊಬ್ಬು ಕರಗಿಸಿ ಹೇಗೋ ದಿನ ದೂಡುತ್ತವೆ. ಮೆದುಳಿಗೆ ಮಾತ್ರ ಕೂಡಿಟ್ಟುಕೊಂಡ ಉಗ್ರಾಣವಿಲ್ಲ. ರಸ್ತೆಯಲ್ಲಿ ಹಾಯುವ ಕಬ್ಬಿನ ಗಾಡಿಯಿಂದ ಹುಡುಗರು ಗಳ ಎಳೆದುಕೊಂಡು ತಿಂದಂತೆ ಅದು ಹರಿಯುವ ರಕ್ತದಿಂದ ಆಗಿಂದಾಗ್ಗೆ ಸಕ್ಕರೆ ಎಳೆದುಕೊಂಡೇ ಬದುಕಬೇಕು. ರಸ್ತೆ ಖಾಲಿಯಾದರೆ ಮೊದಲು ಕಂಗೆಡುವುದು ಅದೇ. ಇಷ್ಟನ್ನು ಬಿಡಿಸಿ ಹೇಳಿದರೆ ಅತ್ತೆಗೆ ತಿಳಿಯುತ್ತಿತ್ತು, ಯಾವತ್ತೂ ತಿಳಿದಿದೆ. ಆದರೆ ತಿಳಿದುಕೊಳ್ಳಬೇಕಾದ ಮೆದುಳಿಗೇ ಹೊಟ್ಟೆಗಿಲ್ಲ! ಇನ್ನು ಸ್ವಲ್ಪ ಹೊತ್ತು ಹೋದರೆ ನುಂಗುವ ಶಕ್ತಿಯೂ ಇರುವುದಿಲ್ಲ, ಆಮೇಲೆ ಬಾಯಿಗೆ ಹಾಕಿದ್ದು ಶ್ವಾಸಕ್ಕೆ ಇಳಿಯುತ್ತದೆ. ಆಕೆಗೆ ಅಳು ಬಂತು, ಸಿಟ್ಟೂ ಬಂತು.

ಆಗ ಅವಳ ಬಾಯಿಂದ ಬಂದದ್ದು ಸುಳ್ಳು.

"ಅತ್ತ್ಯಾರ, ಇದು ಔಷಧಿ. ನಿಮ್ಮ ಗುಳಿಗಿ ನೀರಾಗ ಕಲಿಸೇನಿ. ಬೆಳಗಿಂದು ತಪ್ಪೇತಿ ನೋಡ್ರಿ. ನಿಮ್ಮ ನಿಯಮದಾಗ ಐತಿ ಇದು. ಬಾಯಿ ತಗೀರಿ."

'ತಪ್ಪೇತಿ' ಎಂಬ ಮಾತು ಕಿವಿಗೆ ಬಿತ್ತೋ ಏನೋ, ಅತ್ತೆ ತುಟಿ ಬಿಚ್ಚಿದರು. ಸುಪ್ರೀತಾ ಒಂದು ಗುಟುಕು ಹಾಕಿದಳು. ಅತ್ತೆ ಅದನ್ನು ಬಾಯಲ್ಲಿ ಹಿಡಿದುಕೊಂಡು ಸುಮ್ಮನೆ ಕೂತರು. ಉಗುಳಿಬಿಡುತ್ತಾರೆ ಎಂದು ಸುಪ್ರೀತಾ ಹೆದರಿದಳು. ಆಮೇಲೆ ಗಂಟಲು ಆಡಿತು. ನಡುಗುವ ಎರಡೂ ಕೈ ಮೇಲೆದ್ದು ಲೋಟ ಹಿಡಿದುಕೊಂಡವು. ಉಳಿದದ್ದನ್ನು ಅತ್ತೆ ಮೆಲ್ಲಗೆ ತಾವೇ ಕುಡಿದು ಮುಗಿಸಿದರು.

ಜಿನೇಶ ಬಂದ, ಆಟೋ ಬಂತು, ದವಾಖಾನೆಯಲ್ಲಿ ಕೈಗೆ ಗ್ಲೂಕೋಸ್ ಬಾಟಲಿ ಏರಿತು. ಡಾಕ್ಟರ್ ಗಿರಿಮಲ್ಲಪ್ಪ ಸುಪ್ರೀತಾಳನ್ನು ಕಾರಿಡಾರಿಗೆ ಕರೆದರು.

"ಅಕ್ಕಾರ, ಆ ಗುಳಿಗಿ ಇಡೀ ದಿನ ಇನ್ಸುಲಿನ್ ಹಿಂಡತೈತಿ. ಉಂಡಾರೋ ಬಿಟ್ಟಾರೋ ಅದಕ್ಕೇನು ಗೊತ್ತು? ಇವತ್ತೊಂದು ದಿನ ಬಿಟ್ಟಿದ್ರ ಏನೂ ಆಕ್ಕಿರಲಿಲ್ಲ. ಸಕ್ಕರಿ ಮತ್ತ ಇಳೀಬಹುದು, ನಾಳಿ ತನಕ ಇಲ್ಲೇ ಇರಲಿ. ಅಲ್ರಿ, ನೀವಽ ಹಿಂಗ ಬರದ್ರ ಮಂದಿ ಏನ್ ಮಾಡಬೇಕು?"

ಸುಪ್ರೀತಾಳಿಗೆ ಈಗ ತಿಳಿಯಿತು. ಗುಳಿಗೆ ಬಿಡುತ್ತಿದ್ದ ಅತ್ತೆಯೇ ಸರಿ ಇದ್ದರು, ಹಟ ಹಿಡಿದು ಹಾದಿ ತಪ್ಪಿಸಿದವಳು ತಾನು. ಮಂದಿ ಎಂದದ್ದು ಕೇಳಿದ್ದೇ ಅವಳಿಗೆ ಪತ್ರಿಕೆ ಓದುವವರ ನೆನಪಾಯಿತು. ಎಷ್ಟು ಮನೆಗೆ ಹೋಗಿದೆ ಆ ಪತ್ರಿಕೆ! ಹುನ್ನೂರಿಗೆ, ಬನಹಟ್ಟಿಗೆ, ರನ್ನ ಬೆಳಗಲಿಗೆ. ಎಷ್ಟು ಮುದುಕಿಯರು ಇವತ್ತು ಬೆಳಿಗ್ಗೆ 'ಔಷಧಿ ಬಿಟ್ಟು' ಎಂದು ನಿಯಮ ತೆಗೆದುಕೊಂಡು, ಅವಳ ಮಾತು ಕೇಳಿ ಗುಳಿಗೆ ನುಂಗಿ ಕೂತಿದ್ದಾರೋ.

"ಬಸದಿಗೆ ಹೋಗ್ರಿ. ಮೈಕಿನಾಗ ಹೇಳ್ರಿ. ನನ್ನ ಹೆಸರು ಹಿಡದು ಹೇಳ್ರಿ, ಬರದದ್ದು ತಪ್ಪು ಅಂತ" ಎಂದು ಜಿನೇಶನನ್ನು ಓಡಿಸಿದಳು. ತಾನು ಗುರುತಿದ್ದವರಿಗೆಲ್ಲ ಫೋನು ಹಚ್ಚುತ್ತ ನಿಂತಳು. ಬಸದಿಯಲ್ಲಿ ಪೂಜೆಯ ಉಪಾಧ್ಯರು ಮೈಕು ಹಿಡಿದು, ಡಾಕ್ಟರು ಹೇಳಿದ ಸಕ್ಕರೆಯೂ ಔಷಧಿಯೇ, ದೋಷವಿಲ್ಲ, ತಲೆ ಸುತ್ತುವವರು ತೆಗೆದುಕೊಳ್ಳಿ ಎಂದರಂತೆ. ಇಬ್ಬರು ಹೆಂಗಸರು ಆಗಲೇ ಕಂಬಕ್ಕೆ ಒರಗಿ ಕೂತಿದ್ದರಂತೆ. ಯಾರ ಜೀವಕ್ಕೂ ಏನೂ ಆಗಲಿಲ್ಲ. ಪುಣ್ಯವೆಂದರೆ ಪುಣ್ಯ, ಸುಪ್ರೀತಾಳ ಶಾಣ್ಯಾತನ ಮಾತ್ರ ಅಲ್ಲ.

ಮರುದಿನ ಅತ್ತೆ ಮನೆಗೆ ಬಂದರು. ಊಟ ಮಾಡಿದರು, ಆದರೆ ಸೊಸೆಯ ಜೊತೆ ಮಾತಿಲ್ಲ. ಡಾಕ್ಟರು ಬೇರೆ ಗುಳಿಗೆ ಬರೆದುಕೊಟ್ಟಿದ್ದರು, ಖಾಲಿ ಹೊಟ್ಟೆಯಲ್ಲಿ ಅಷ್ಟು ಇಳಿಸದಂಥದ್ದು. ಸುಪ್ರೀತಾ ಅದನ್ನು ಅಂಗೈಯಲ್ಲಿಟ್ಟು ಚಾಚಿದರೆ ಅತ್ತೆ ಮುಖ ತಿರುಗಿಸಿದರು. ಜಿನೇಶ ಕೊಟ್ಟರೂ ಮುಟ್ಟಲಿಲ್ಲ.

"ಯಾವುದು ಗುಳಿಗಿ, ಯಾವುದು ಸಕ್ಕರಿ, ಯಾರಿಗೆ ಗೊತ್ತು?" ಎಂದು ಮಗನಿಗೆ ಹೇಳಿದರು, ಸೊಸೆಗೆ ಕೇಳುವಂತೆ.

"ಯವ್ವಾ, ಉಪಾಧ್ಯರಽ ಹೇಳ್ಯಾರಲ್ಲ, ದೋಷ ಇಲ್ಲಂತ."

"ಅವರಿಗೇನ್ ಗೊತ್ತು!" ಎಂದು ಅತ್ತೆ ಎದ್ದು ಹೋದರು.

ಕ್ಷಮಾವಣಿ ಬಂತು. ಪರ್ವ ಮುಗಿದ ಮೇಲೆ ಒಬ್ಬರಿಗೊಬ್ಬರು ಕೈ ಮುಗಿದು, ವರ್ಷವಿಡೀ ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ದಿನ. ಬೆಳಗಿನಿಂದ ಮನೆ ತುಂಬ ಜನ. "ಉತ್ತಮ ಕ್ಷಮಾ" ಎನ್ನುತ್ತ ಅತ್ತೆ ಎಲ್ಲರಿಗೂ ಕೈ ಮುಗಿದರು. ಭಾಂಡೆ ತಿಕ್ಕುವ ಕಾವೇರಿಗೂ ಮುಗಿದರು, ಅವಳು ಗಾಬರಿಯಾಗಿ ಹಿಂದೆ ಸರಿದಳು. ಸುಪ್ರೀತಾ ಮುಂದೆ ಬಂದು ಕೈ ಜೋಡಿಸಿದಾಗ ಮಾತ್ರ ಅತ್ತೆ ಸೆರಗು ಸರಿಪಡಿಸಿಕೊಳ್ಳುತ್ತ ಒಳಗೆ ಹೋದರು. ಕೂತವರೆಲ್ಲ ನೋಡಿದರು. ಸುಪ್ರೀತಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

'ಕಡೀದು ತಗಿ ಅಂದವರು ನೀವಽ ಅಲ್ರಿ?' ಎಂಬ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈ ನಿಲ್ಲಿಸುವುದಷ್ಟೇ ಅತ್ತೆಯ ಕೆಲಸ, ಯಾವುದನ್ನು ಇಡಬೇಕು ಯಾವುದನ್ನು ಬಿಡಬೇಕು ಎಂಬುದು ಅವಳದಾಗಿತ್ತು. ನುಂಗಿಕೊಂಡಳು. ಅವಳನ್ನು ತಿನ್ನುತ್ತಿದ್ದ ಚಿಂತೆ ಅವಮಾನದ್ದಲ್ಲ. ಗುಳಿಗೆ ಬಿಟ್ಟು ದಿನಗಳಾಗುತ್ತಿವೆ, ಸಕ್ಕರೆ ಏರುತ್ತಿದೆ. ತನ್ನ ಮಾತೊಂದನ್ನೇ ನಂಬಿ ಗುಳಿಗೆ ನುಂಗುತ್ತಿದ್ದ ಜೀವ ಇನ್ನು ಯಾರ ಮಾತು ನಂಬೀತು?

ಮಧ್ಯಾಹ್ನ ಜನ ಕರಗಿದ ಮೇಲೆ ಅವಳು ಹೊಸ ಬರಹ ಹಿಡಿದು ಅತ್ತೆಯ ಮುಂದೆ ಹೋಗಿ ಕೂತಳು. ಅತ್ತೆಯ ಮುಂದೆ ಮೊರವಿತ್ತು. ಹೋಗು ಎನ್ನಲಿಲ್ಲ, ಓದು ಎಂದೂ ಅನ್ನಲಿಲ್ಲ. ಅವಳೇ ಓದತೊಡಗಿದಳು. ಕಳೆದ ಸಲ ಬರೆದದ್ದು ತಪ್ಪು. ಗೇಟು ಕಾಯುವವನಿಗೆ ರಸ್ತೆಯಲ್ಲಿ ಗಾಡಿ ಇವೆಯೋ ಇಲ್ಲವೋ ಕಾಣಿಸುವುದಿಲ್ಲ, ಗದರಿಸಿದರೆ ತೆರೆದೇ ತೆರೆಯುತ್ತಾನೆ. ನಿರಾಹಾರ ಇರುವವರು ಡಾಕ್ಟರನ್ನು ಕೇಳದೆ ಗುಳಿಗೆ ನುಂಗಬಾರದು. ಬೆವರು, ನಡುಕ ಬಂದರೆ ತಡ ಮಾಡದೆ ಸಕ್ಕರೆ ತೆಗೆದುಕೊಳ್ಳಬೇಕು. ಅತ್ತೆಯ ಕೈ ಅಕ್ಕಿಯಲ್ಲಿ ಆಡುತ್ತಲೇ ಇತ್ತು. ಎಲ್ಲಿಯೂ ನಿಲ್ಲಲಿಲ್ಲ.

"ತಪ್ಪು ನಂದು ಅತ್ತ್ಯಾರ. ಸುಳ್ಳು ಹೇಳಿ ನಿಮ್ಮ ಬಾಯಿ ತೆರಸೀನಿ, ನಿಯಮ ಮುರಸೀನಿ. ಅದನ್ನೂ ಬರೀ ಅಂದ್ರ ಬರೀತೇನಿ."

ಅತ್ತೆಯ ಕೈ ನಿಂತಿತು.

"ಬರಿಯೂದಾದ್ರ ಪೂರಾ ಬರಿ" ಎಂದರು. "ಮೊದಲನೇ ಗುಟುಕಿಗೇ ನನಗ ತಿಳೀತವಾ ಅದು ಸಕ್ಕರಿ ಅಂತ. ಹೊತ್ತು ಮುಣಗಿದ್ದೂ ಗೊತ್ತಿತ್ತು. ಬಾಯಾಗ ಇಟಗೊಂಡು ಕುಂತೆ, ಉಗುಳಬೇಕಂತ. ಉಗುಳಲಿಲ್ಲ. ಗ್ಲಾಸ್ ನಾನಽ ಹಿಡದೆ, ನಾನಽ ಕುಡದೆ. ನೀ ಮುರಸಲಿಲ್ಲ, ನಾ ಮುರದೆ. ಸಾಯಾಕ ಅಂಜಿದೆ ನಾ. ನಿನ್ನ ಮುಂದ ಯಾವ ಮಾರಿ ಹೊತ್ತು ಕ್ಷಮಾ ಕೇಳಲಿ?"

ಎಲ್ಲವೂ ತನ್ನ ಮೇಲಿನ ಸಿಟ್ಟು ಎಂದುಕೊಂಡಿದ್ದಳಲ್ಲ ಸುಪ್ರೀತಾ. ಕೂಡಲೇ ಬಾಯಿ ಬಿಟ್ಟಳು. ಅದು ನೀವು ಮಾಡಿದ್ದಲ್ಲ, ಸಕ್ಕರೆ ಅಷ್ಟು ಇಳಿದಾಗ ಮೈ ತಾನಾಗಿಯೇ ಎಳೆದುಕೊಳ್ಳುತ್ತದೆ, ಮೆದುಳು ಆಗ ನಿಮ್ಮ ಕೈಯಲ್ಲಿ ಇರುವುದಿಲ್ಲ, ಎಂದೆಲ್ಲ ಹೇಳುವುದಿತ್ತು.

"ಅತ್ತ್ಯಾರ, ಅದು ಹಂಗಲ್ರಿ, ಮೆದುಳಿಗೆ..."

"ಬ್ಯಾಡ" ಎಂದು ಅತ್ತೆ ಕೈ ಎತ್ತಿದರು. "ಇದೊಂದು ನನಗ ತಿಳಿಸಿ ಹೇಳಬ್ಯಾಡ."

ಸುಪ್ರೀತಾ ಬಾಯಿ ಮುಚ್ಚಿದಳು. ಹೊರಗೆ ಕಾವೇರಿ ಭಾಂಡೆ ಜೋಡಿಸುವ ಸಪ್ಪಳ ಕೇಳುತ್ತಿತ್ತು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಮೊರವನ್ನು ಪಕ್ಕಕ್ಕೆ ಸರಿಸಿ, ಅಂಗೈ ಚಾಚಿದರು.

"ಗುಳಿಗಿ ತಾ. ಆಗಲೇ ಉಂಡೇನಿ."